ಫೋಟೋದ ರೇಟು

1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ 2 ಗಂಟೆ 50 ನಿಮಿಷ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಆ ವರ್ಷದ ದಾರಿ ಈಗಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರ್ ಜಾಸ್ತಿಯೇ ಇತ್ತು. ವೀಕೆಂಡಿಗೆ ಟೆನ್-ಕೆ ಓಡಿ, ಮೆಡಲ್ ಕಚ್ಚಿಕೊಂಡು ಸ್ಟೇಟಸ್ ಹಾಕುವ ನಮಗೆ ಈ ಹೆಸರು ಗೊತ್ತಿರೋದು ಕಮ್ಮಿ.

ಹಳೇ ಫೋಟೋ ಕೂಡಿಸೋ ಹುಚ್ಚು ನನಗೆ ಹತ್ತಿದ್ದು ಚೌಗುಲೆಯವರನ್ನ ಹುಡುಕ್ತಾನೇ. ರಜೆ ಸಿಕ್ಕಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿ ಸುತ್ತಿದೆ. ಅವರು ಸಿಗಲಿಲ್ಲ, ಪೈಲ್ವಾನರು ಸಿಕ್ಕರು. ಲಂಗೋಟಿ, ತಲೆಗೆ ರುಮಾಲು, ಜಾತ್ರೆ ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡಗ, ಹಿಂದೆ ಸ್ಟುಡಿಯೋದ ಬಣ್ಣದ ಪರದೆ. ಇಂಥವಕ್ಕೆ ಈಗ ಸಿಟಿಯಲ್ಲಿ ಗಿರಾಕಿಗಳಿದ್ದಾರೆ, ಕೆಫೆ ಗೋಡೆಗೆ ಬೇಕಂತೆ.

ರೇಟು ಗೊತ್ತಿಲ್ಲದವರ ಕೈಯಿಂದ ಇದನ್ನ ಕೊಳ್ಳೋದು ವ್ಯಾಪಾರವೋ, ಮೋಸವೋ?

ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ ಹಳೇ ಮನೆ ಕೆಡವಿ ಸ್ಲ್ಯಾಬ್ ಹಾಕಿಸ್ತಿದ್ದರು. ಫ್ರೇಮು ಅಂಗಳದಲ್ಲಿತ್ತು. ಅಜ್ಜಿ ಅಂದರು: “ಹೊಸಾ ಮನಿಗೆ ಇದು ಚೆಂದ ಕಾಣಂಗಿಲ್ಲಂತ ತಮ್ಮಾ. ಬೇಕಿದ್ರ ಒಯ್ಯಿ, ಏನಾರ ಕೊಡು.” ಜೊತೆಗಿದ್ದ ಗೆಳೆಯ ಕಿವಿಯಲ್ಲಿ “ಐನೂರು ಕೊಟ್ಟು ನಡಿ” ಅಂದ. ಕಾನೂನು ಪ್ರಕಾರ ಅವನದು ತಪ್ಪಿಲ್ಲ. ಹುಡುಕಿದವನಿಗೆ ಲಾಭ, ಬಿಟ್ಟರೆ ಗೆದ್ದಲಿಗೆ ಅನ್ನೋದೂ ಹಗುರವಾದ ವಾದವಲ್ಲ. ಗೆದ್ದಲು ತಿಂದ ಪೈಲ್ವಾನರನ್ನ ನಾನೇ ನೋಡೀನಿ. ಆದರೆ ಇಂಟರ್‌ವ್ಯೂನಲ್ಲಿ ಎಚ್ಆರ್‌ಗೆ ಸಂಬಳದ ಬ್ಯಾಂಡ್ ಗೊತ್ತಿದ್ದೂ ನಮ್ಮ ಬಾಯಿಂದಲೇ ಕಡಿಮೆ ಅಂಕಿ ಹೊರಡಿಸಿದರೆ ನಾವು ವರ್ಷಗಟ್ಟಲೆ ಕುದೀತೀವಿ. ಅದೇ ಆಟ ಅಜ್ಜಿ ಜೊತೆ ಆಡಿದರೆ ಮಾತ್ರ ಜಾಣತನವೇ?

ಇನ್ನೊಂದು ಲೆಕ್ಕವೂ ಇದೆ. ಕಿತ್ತೂರು ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ; ಡಾಗೆರ್‌ನ ಫೋಟೋ ವಿಧಾನ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಹಾಗಾಗಿ ಅವರ ಪಟವೆಲ್ಲ ಕಲಾವಿದರ ಕಲ್ಪನೆ, ಅದು ಎಲ್ಲರದೂ ಹೌದು. ಪೈಲ್ವಾನನ ಫೋಟೋ ಹಾಗಲ್ಲ. ಆ ಮೈ ಕಟ್ಟಿದ್ದು ಒಂದು ಮನೆಯ ಹಾಲು, ತುಪ್ಪ, ಬದಾಮಿ. “ನಮ್ಮ ಮಾವನವರ ಖುರಾಕಿಗೆ ಎರಡೆಕರೆ ಹೊಲ ಹೋತು, ಮಕ್ಕಳಿಗೆ ಮಜ್ಜಿಗಿ ಅಷ್ಟ” ಅಂದರು ಅಜ್ಜಿ. ಕೆಫೆಯಲ್ಲಿ ಅದರ ಕೆಳಗೆ ಕೂತು ಫಿಲ್ಟರ್ ಕಾಫಿ ಕುಡಿಯೋರಿಗೆ ಆ ಎರಡೆಕರೆ ಕಾಣೋದಿಲ್ಲ.

ಸಿಟಿ ರೇಟು ಹೇಳಿಬಿಟ್ಟೆ. ಗೆಳೆಯ ಮುಖ ತಿರುಗಿಸಿದ. ಚೆಂದ ಕಾಣಂಗಿಲ್ಲ ಅಂದಿದ್ದ ಮೊಮ್ಮಗ ಓಡಿಬಂದು, ಧೂಳು ಒರೆಸಿ, ಮುತ್ತಜ್ಜನನ್ನ ಒಳಗೆ ಒಯ್ದ. ಪ್ರೀತಿ ಬಂತೋ, ಇನ್ನೂ ಹೆಚ್ಚು ಕೊಡೋ ಗಿರಾಕಿಯನ್ನ ಹುಡುಕ್ತಾನೋ, ಅದು ಅವನ ಹಕ್ಕು. ಮಾರಿದರೂ ಗೊತ್ತಿದ್ದು ಮಾರ್ತಾನೆ.

ನನ್ನ ಹತ್ತಿರ ಈಗಿರೋದು ಮೊಬೈಲ್‌ನಲ್ಲಿ ತೆಗೆದ ನಕಲು, ಜೊತೆಗೆ ಅಜ್ಜಿಯ ಹನ್ನೊಂದು ನಿಮಿಷದ ಮಾತು. ಯಾವ ಜಾತ್ರೆ, ಯಾರ ಜೊತೆ ಕುಸ್ತಿ, ಎಷ್ಟು ಹೊತ್ತು ನಡೀತು, ಎಲ್ಲ ಇದೆ. ಕೊನೇ ಮೂರು ನಿಮಿಷ ಬರೀ ಆ ಹೊಲದ ಬೈಗುಳ.