ಪರದೆ ಯಾರ ಕೈಯಲ್ಲಿದೆ?

ಜಾತ್ರೆಯ ಗುಡಾರದಲ್ಲಿ ಎರಡು ಜಾಗಗಳಿರುತ್ತವೆ. ಹೊರಗೆ ಮೈಕು ಹಿಡಿದು ‘ಬನ್ನಿ ಬನ್ನಿ, ಅರ್ಧ ಹಾವು, ಅರ್ಧ ಹುಡುಗಿ’ ಎಂದು ಕೂಗುತ್ತಾ ಟಿಕೆಟ್ ಹರಿಯುವವನದು ಒಂದು. ಒಳಗೆ ಕೂತು ನೋಡಿಸಿಕೊಳ್ಳುವವರದು ಇನ್ನೊಂದು. ನಡುವೆ ಇರುವುದು ತೆಳ್ಳನೆಯ ಪರದೆ ಮಾತ್ರ. ಆದರೂ ಒಳಗಿನವರು ಹೊರಗೆ ಬಂದು ಟಿಕೆಟ್ ಹರಿಯುವ ಜಾಗದಲ್ಲಿ ಕೂತದ್ದು ಅಪರೂಪ. ಹಾಗೆ ಬಂದು ಕೂತ ಒಬ್ಬನ ಬದುಕನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ: ಕಾಸು ಕೊಟ್ಟು ಮನುಷ್ಯನನ್ನು ನೋಡುವುದರಲ್ಲಿ ತಪ್ಪಿದೆ ಎನ್ನುವುದಾದರೆ, ಆ ತಪ್ಪು ಇರುವುದು ಎಲ್ಲಿ?

ಜಾನಿ ಎಕ್ ಹುಟ್ಟಿದ್ದು 1911ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ, ಅವಳಿಗಳಲ್ಲಿ ಒಬ್ಬನಾಗಿ. ಸೋದರ ರಾಬರ್ಟ್‌ನದು ಎಲ್ಲರಂಥ ಮೈ. ಜಾನಿಗೆ ಸೊಂಟದ ಕೆಳಗಿನ ಭಾಗ ಬೆಳೆದೇ ಇರಲಿಲ್ಲ; ಅವನು ಕೈಗಳ ಮೇಲೆ ನಡೆಯುತ್ತಿದ್ದ. ಹನ್ನೆರಡರ ವಯಸ್ಸಿನಲ್ಲಿ ಒಬ್ಬ ಜಾದೂಗಾರನ ಕಣ್ಣಿಗೆ ಬಿದ್ದು ಗುಡಾರ ಸೇರಿದ. ಸಹಿ ಹಾಕಿದ್ದು ಒಂದು ವರ್ಷದ ಕರಾರಿಗೆ, ಆಮೇಲೆ ಒಂದರ ಪಕ್ಕ ಸೊನ್ನೆ ಸೇರಿಸಿ ಹತ್ತು ಮಾಡಲಾಯಿತು ಎಂದು ಎಕ್ ಮುಂದೆ ಹೇಳುತ್ತಿದ್ದ.

1931ರಲ್ಲಿ ‘ಡ್ರಾಕುಲಾ’ ತೆಗೆದ ಟಾಡ್ ಬ್ರೌನಿಂಗ್ ಮರುವರ್ಷ ಎಂಜಿಎಂ ಸ್ಟುಡಿಯೋಗೆ ‘ಫ್ರೀಕ್ಸ್’ ಮಾಡಿದ. ಸರ್ಕಸ್ಸಿನ ಸುಂದರಿಯೊಬ್ಬಳು ಹಣದಾಸೆಗೆ ಕುಬ್ಜದೇಹದ ಹ್ಯಾನ್ಸ್‌ನನ್ನು ಮದುವೆಯಾಗಿ ವಿಷವಿಕ್ಕಲು ಹೊರಡುತ್ತಾಳೆ. ಅವನ ಸಂಗಾತಿಗಳು ಸೇಡು ತೀರಿಸಿಕೊಳ್ಳುತ್ತಾರೆ. ಪಾತ್ರ ಮಾಡಿದವರು ವೇಷ ಹಾಕಿದ ನಟರಲ್ಲ, ಗುಡಾರಗಳಲ್ಲಿ ದುಡಿಯುತ್ತಿದ್ದವರೇ. ಅವರಲ್ಲಿ ಎಕ್ ಕೂಡ ಒಬ್ಬ. ಸ್ಟುಡಿಯೋದ ಊಟದ ಮನೆಯಲ್ಲಿ ಇವರೊಂದಿಗೆ ಕೂತು ಉಣ್ಣಲಾರೆವು ಎಂದು ಉಳಿದವರು ತಕರಾರು ತೆಗೆದದ್ದರಿಂದ ಇವರಲ್ಲಿ ಹೆಚ್ಚಿನವರಿಗೆ ಹೊರಗೆ ಬೇರೆ ಊಟದ ಏರ್ಪಾಟಾಯಿತು. ಪಂಕ್ತಿಭೇದವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿನಿಮಾ ಒಳಗೂ ಇದೇ ಇಬ್ಬಂದಿ. ಮುಕ್ಕಾಲು ಪಾಲು ಇವರು ಬಟ್ಟೆ ಒಣಹಾಕುತ್ತಾರೆ, ಹರಟುತ್ತಾರೆ, ಪ್ರೀತಿಸುತ್ತಾರೆ. ಕೊನೆಯಲ್ಲಿ ಮಳೆಯ ರಾತ್ರಿ, ಕೆಸರಿನಲ್ಲಿ ತೆವಳಿಕೊಂಡು ಬರುವ ಇವರ ದೇಹಗಳೇ ಭಯದ ಸರಕಾಗುತ್ತವೆ. ಮನುಷ್ಯರೆಂದು ತೋರಿಸಿದ ಕ್ಯಾಮೆರಾವೇ ಅವರನ್ನು ಮತ್ತೆ ಗುಡಾರಕ್ಕೆ ಅಟ್ಟುತ್ತದೆ. ಚಿತ್ರ ನೆಲಕಚ್ಚಿತು, ಬ್ರಿಟನ್‌ನಲ್ಲಿ ಸುಮಾರು ಮೂವತ್ತು ವರ್ಷ ಅದಕ್ಕೆ ನಿಷೇಧವಿತ್ತು. 1962ರ ವೆನಿಸ್ ಚಿತ್ರೋತ್ಸವದಲ್ಲಿ ಕಾಣಿಸಿಕೊಂಡ ಮೇಲೆ ಅದಕ್ಕೆ ಹೊಸ ಭಕ್ತರು ಹುಟ್ಟಿಕೊಂಡರು.

ಅಷ್ಟರಲ್ಲಿ ಎಕ್ ಬೇರೆ ಬದುಕು ಕಟ್ಟಿಕೊಂಡಿದ್ದ. ರಾಬರ್ಟ್‌ನ ಜೊತೆ ಸೇರಿ ಊರಿನಲ್ಲಿ, ಕಾಸು ಹಾಕಿದರೆ ಆಡುವ ಯಂತ್ರಗಳ ಆರ್ಕೇಡ್ ನಡೆಸಿದ. ತೆರಿಗೆಯ ಹೊರೆಗೆ ಅದು ಮುಚ್ಚಿತು. ಆಮೇಲೆ ಸೋದರರು ಮಕ್ಕಳ ಪುಟಾಣಿ ರೈಲೊಂದನ್ನು ಕೊಂಡರು. ಉದ್ಯಾನದಲ್ಲಿ ಅದನ್ನು ಓಡಿಸುತ್ತಿದ್ದವನು ಜಾನಿ. ಹತ್ತುವ ಮಕ್ಕಳು ಅವನನ್ನು ನೋಡದೆ ಇದ್ದಿರಲಾರರು. ಆದರೆ ಅವರು ಕಾಸು ಕೊಟ್ಟದ್ದು ರೈಲಿಗೆ. ವ್ಯತ್ಯಾಸ ಸಣ್ಣದೆನಿಸಬಹುದು, ನೀತಿಯ ಲೆಕ್ಕದಲ್ಲಿ ದೊಡ್ಡದು.

ಇಂಥ ಪ್ರದರ್ಶನಗಳನ್ನೇ ನಿಲ್ಲಿಸಿಬಿಡಬಾರದೇ ಎಂದು ಕೇಳಬಹುದು. ಕೋರ್ಟುಗಳು ಇದಕ್ಕೆ ಎರಡು ಉತ್ತರ ಕೊಟ್ಟಿವೆ. ಫ್ಲಾರಿಡಾದಲ್ಲಿ ಅಂಗವಿಕಲರ ಪ್ರದರ್ಶನವನ್ನು ನಿಷೇಧಿಸಿದ್ದ ಕಾನೂನಿನ ವಿರುದ್ಧ ಪ್ರದರ್ಶಕರೇ ಕೋರ್ಟಿಗೆ ಹೋದರು. ನಮ್ಮನ್ನು ಕಾಪಾಡುವ ನೆಪದಲ್ಲಿ ಅನ್ನ ಕಿತ್ತುಕೊಳ್ಳಬೇಡಿ ಎನ್ನುವುದು ಅವರ ವಾದದ ಸಾರ. 1972ರಲ್ಲಿ ಅವರು ಗೆದ್ದರು. ಫ್ರಾನ್ಸಿನಲ್ಲಿ ಕುಬ್ಜದೇಹದವರನ್ನು ಎತ್ತಿ ಎಸೆಯುವ ಆಟವನ್ನು ಒಂದು ಊರಿನ ಮೇಯರ್ ನಿಷೇಧಿಸಿದಾಗ, ಎಸೆಸಿಕೊಳ್ಳುತ್ತಿದ್ದ ವ್ಯಕ್ತಿಯೇ ದಾವೆ ಹೂಡಿದ. 1995ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಮೇಯರ್ ಪರ ನಿಂತಿತು: ಮನುಷ್ಯಘನತೆಯನ್ನು ಅವನ ಒಪ್ಪಿಗೆಯಿಂದಲೂ ಬಿಟ್ಟುಕೊಡಲಾಗದು.

ಎರಡರಲ್ಲೂ ನ್ಯಾಯವಿದೆ. ಆದರೆ ಎರಡೂ ಕೇಳಿದ್ದು ‘ತೋರಿಸಬಹುದೇ, ಬಾರದೇ’ ಎಂದು. ಎಕ್‌ನ ಬದುಕು ಕೇಳುವುದು ಬೇರೆ: ಪರದೆ ಎಳೆಯುವ ಹಗ್ಗ ಯಾರ ಕೈಯಲ್ಲಿದೆ? ಇವತ್ತು ನೋಡಿಸಿಕೊಂಡವನಿಗೆ ನಾಳೆ ಬೇಡವೆನ್ನುವ ದಾರಿ ಇದೆಯೇ? ಒಪ್ಪಿಗೆಯೊಂದೇ ಸಾಲದು, ಹಸಿದವನ ಒಪ್ಪಿಗೆಗೆ ಸೊನ್ನೆ ಸೇರಿಸುವುದು ಸುಲಭ. ಒಡೆತನವೂ ಸಾಲದು, ಆರ್ಕೇಡ್ ಉಳಿಯಲಿಲ್ಲ. ಬೇಕಿರುವುದು ಇನ್ನೊಂದು ಕೆಲಸಕ್ಕೆ, ಇನ್ನೊಂದು ಪಾತ್ರಕ್ಕೆ ದಾಟಿಕೊಳ್ಳುವ ಅವಕಾಶ.

ಎಕ್ ಬಾಲ್ಟಿಮೋರ್‌ನ ಒಂದು ಕಲೆಯನ್ನೂ ಕಲಿತಿದ್ದ: ಕಿಟಕಿಯ ಜಾಲರಿಗಳ ಮೇಲೆ ಚಿತ್ರ ಬರೆಯುವುದು. ಬೀದಿಯಲ್ಲಿ ಹೋಗುವವರಿಗೆ ಹಗಲಲ್ಲಿ ಚಿತ್ರ ಮಾತ್ರ ಕಾಣುತ್ತದೆ. ಒಳಗಿದ್ದವರಿಗೆ ಬೀದಿಯೆಲ್ಲ ಕಾಣುತ್ತದೆ. ಜೀವನವಿಡೀ ನೋಡಿಸಿಕೊಂಡವನು ಈ ಕಸುಬಿಗೆ ಕೈಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. 1987ರಲ್ಲಿ ಕಳ್ಳರು ನುಗ್ಗಿ ಸೋದರರನ್ನು ಹಿಂಸಿಸಿದ ಮೇಲೆ ಅವನು ಜನರಿಂದಲೇ ದೂರವಾದ. 1991ರಲ್ಲಿ ತನ್ನ ಮನೆಯಲ್ಲೇ ತೀರಿಕೊಂಡ.

ಈ ಪ್ರಶ್ನೆ ನನ್ನೂರು ರಾಬರ್ಟ್‌ಸನ್‌ಪೇಟೆಗೂ ಸಲ್ಲುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. 2018 ಮತ್ತು 2022ರ ಸಿನಿಮಾಗಳು ‘ಕೆಜಿಎಫ್’ ಎಂಬ ಮೂರಕ್ಷರವನ್ನು ದೇಶಕ್ಕೆಲ್ಲ ಕತ್ತಲೆ ಮತ್ತು ಕ್ರೌರ್ಯದ ಹೆಸರಾಗಿಸಿದವು. ಈಗ ಹೊರಗಿನವರು ಬಂದು ಸಯನೈಡ್ ದಿಬ್ಬಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ದಿಬ್ಬದ ಧೂಳು ಗಾಳಿಗೆ ಎದ್ದು ಹೋಗುವುದು ಜನರಿರುವ ಮನೆಗಳಿಗೆ. ಅದೇ ಮನೆಗಳಿಂದ ನೂರಾರು ಜನ ಮುಂಜಾನೆಯೇ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ನೋಡಲು ಬರಬೇಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದ ಊರಿದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರ ಊರಿದು, ನೋಡುವಂಥದ್ದೇ. ಆದರೆ ಯಾವುದನ್ನು ತೋರಿಸಬೇಕು, ಕಥೆ ಯಾರು ಹೇಳಬೇಕು, ಬಂದ ಕಾಸು ಯಾರಿಗೆ ಸೇರಬೇಕು ಎನ್ನುವುದನ್ನು ಸುರಂಗಕ್ಕೆ ಇಳಿದು ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡವರನ್ನು ಕೇಳಿ ಗೊತ್ತುಮಾಡಿದವರಿಲ್ಲ. ಇಲ್ಲಿಗೆ ಬರುವವರು ದಿಬ್ಬ ನೋಡಿ ಹಿಂದಿರುಗುವ ಮೊದಲು ಒಬ್ಬ ಹಳೆಯ ಗಣಿ ಕೆಲಸಗಾರನ ಮನೆಯ ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳಲಿ. ಅವನು ಬೇಡ ಎಂದರೆ ಅದನ್ನೂ ಒಪ್ಪಿಕೊಳ್ಳಲಿ.