ಗಾಜಿನ ತೊಟ್ಟಿಯ ಮೀನುಗಳೂ ಅಜ್ಞಾತ ಹಿಂಸೆಯೂ

ಹಿಂಸೆಯ ವಿಚಾರ ಬಂದಾಗಲೆಲ್ಲ ಸಂಕಲ್ಪವನ್ನೇ ಮುಂದಿಟ್ಟುಕೊಂಡು ಮಾತನಾಡುವುದು ನಮ್ಮಲ್ಲಿ ರೂಢಿ. ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪ ಮಾಡಿದ ಕಾರಣದಿಂದ ಅರಸನೂ ಅವನ ತಾಯಿಯೂ ತಿರ್ಯಗ್ಗತಿಯಲ್ಲಿ ಭವಭವಗಳನ್ನು ತೊಳಲಬೇಕಾಯಿತು. ಅರಸನು ಒಂದು ಭವದಲ್ಲಿ ಮೀನಾಗಿಯೂ ಹುಟ್ಟಿದನು. ಈ ಕಥೆಯನ್ನು ಕೇಳಿ ಬೆಳೆದ ನಮಗೆ ಅದಕ್ಕೆ ಎದುರಾದ ಪ್ರಶ್ನೆ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಕೊಲ್ಲುವ ಸಂಕಲ್ಪವಿಲ್ಲ, ದ್ವೇಷವಿಲ್ಲ, ಇರುವುದು ಅಕ್ಕರೆಯೇ. ಆದರೂ ಪಂಚೇಂದ್ರಿಯ ಜೀವಗಳು ಕಣ್ಣೆದುರಿನಲ್ಲಿಯೇ ಒಂದೊಂದಾಗಿ ಸಾಯುತ್ತಿವೆ. ಆಗ ಅಣುವ್ರತಿಯಾದ ಗೃಹಸ್ಥನು ತಾನು ನಿರ್ದೋಷಿಯೆಂದು ಹೇಳಿಕೊಳ್ಳಬಹುದೇ?

ಇದು ಬರಿಯ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ದಶಲಕ್ಷಣ ಪರ್ವದ ಕೊನೆಯ ದಿನಗಳಲ್ಲಿ, ಬಸದಿಯ ಸ್ವಾಧ್ಯಾಯ ಮುಗಿದ ಮೇಲೆ, ಶ್ರಾವಕರೊಬ್ಬರು ಕೇಳಿದ್ದು. ಮಕ್ಕಳಿಗೋಸ್ಕರ ತಂದ ಏಳು ಹೊನ್ನ ಮೀನುಗಳು ಅವರ ಮನೆಯ ಸಣ್ಣ ಗಾಜಿನ ತೊಟ್ಟಿಯಲ್ಲಿ ಎರಡು ವರ್ಷ ಬದುಕಿದ್ದವು. ಜಾಗ ಇಕ್ಕಟ್ಟಾಯಿತೆಂದು ಕನಿಕರಪಟ್ಟು ದೊಡ್ಡದೊಂದು ಅಕ್ವೇರಿಯಂ ಕೊಂಡರು. ಅದನ್ನು ತೊಳೆದು, ಹೊಸ ಜಲ್ಲಿ ಹಾಸಿ, ಹಿಂದಿನ ದಿನ ತುಂಬಿಟ್ಟ ನಲ್ಲಿಯ ನೀರನ್ನು ಸುರಿದು ಮೀನುಗಳನ್ನು ಬಿಟ್ಟರು. ನಾಲ್ಕನೆಯ ದಿನ ಒಂದು ಸತ್ತಿತು, ಆರನೆಯ ದಿನ ಎರಡು. ನೀರು ಸ್ಫಟಿಕದಂತೆ ತಿಳಿಯಾಗಿತ್ತು; ಸತ್ತವುಗಳ ಮೈಮೇಲೆ ಗಾಯವಾಗಲಿ ಕಲೆಯಾಗಲಿ ಇರಲಿಲ್ಲ; ಆಹಾರಕ್ಕೂ ಕೊರತೆಯಿರಲಿಲ್ಲ. ಮಕ್ಕಳು ಅತ್ತರೆಂದು ಅಂಗಡಿಯಿಂದ ಮತ್ತೆ ನಾಲ್ಕು ತಂದು ಬಿಟ್ಟರು. ಎರಡು ವಾರ ತುಂಬುವುದರೊಳಗೆ ಉಳಿದವು ಮೂರು. “ಮಾಸ್ತರರೇ, ಇದಕ್ಕೆ ಎಷ್ಟು ಉಪವಾಸ ಮಾಡಬೇಕು?” ಎಂದು ಅವರು ಕೇಳಿದರು. ಉಪವಾಸಕ್ಕೆ ಅಂಜುವವರಲ್ಲ, ಅಷ್ಟಮಿ ಚತುರ್ದಶಿಗಳನ್ನು ತಪ್ಪಿಸದವರು. ಆದರೆ ಅವು ಏಕೆ ಸತ್ತವೆಂಬುದನ್ನು ಮಾತ್ರ ಅವರು ಯಾರನ್ನೂ ಕೇಳಿರಲಿಲ್ಲ.

ಕಾರಣವೇನೋ ಗೂಢವಾದುದಲ್ಲ. ಮೀನು ತಾನಿರುವ ನೀರಿನಲ್ಲಿಯೇ ಮಲವನ್ನು ಬಿಡುತ್ತದೆ. ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಹುಟ್ಟುವುದು ಅದೇ. ಅಮೋನಿಯ ಮೀನಿಗೆ ಘೋರ ವಿಷ, ಆದರೆ ಅದರಿಂದ ನೀರಿನ ಬಣ್ಣ ಕೆಡುವುದಿಲ್ಲ. ಹಳೆಯ ತೊಟ್ಟಿಯಲ್ಲಾದರೋ ಜಲ್ಲಿಗೂ ಫಿಲ್ಟರಿನ ಸ್ಪಂಜಿಗೂ ಹತ್ತಿಕೊಂಡ ಲೋಳೆಯಂಥ ಪದರದಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ನೆಲಸಿರುತ್ತವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ನೈಟ್ರೇಟ್ ಅಷ್ಟು ಕ್ರೂರವಲ್ಲ, ಆಗಾಗ ಸ್ವಲ್ಪ ನೀರು ಬದಲಾಯಿಸಿದರೆ ಸಾಕು. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. (ಇವೇ ಶಾಸ್ತ್ರೋಕ್ತ ನಿಗೋದ ಜೀವಗಳೆಂದು ಕೂಡಲೇ ಸಮೀಕರಣ ಮಾಡಿಬಿಡುವ ಉತ್ಸಾಹ ನಮ್ಮ ಕೆಲವು ಲೇಖಕರಲ್ಲಿದೆ, ನನಗಿಲ್ಲ.) ಆ ಶ್ರಾವಕರು ಮಾಡಿದ್ದಾದರೂ ಏನು? ಹಳೆಯ ಜಲ್ಲಿಯನ್ನೂ ಸ್ಪಂಜನ್ನೂ ಕೊಳಕೆಂದು ಎಸೆದಿದ್ದರು. ಯಾವುದು ಮೀನುಗಳನ್ನು ಎರಡು ವರ್ಷ ಉಳಿಸಿತ್ತೋ ಅದು ಕಸದ ಬುಟ್ಟಿಗೆ ಹೋಗಿತ್ತು.

ಸಾವಿನ ಸಮಯವೇ ಬಹಳಷ್ಟನ್ನು ತಿಳಿಸುತ್ತದೆ. ಬಿಟ್ಟ ಕೆಲವೇ ಗಂಟೆಗಳಲ್ಲಿ ಸತ್ತರೆ ನಲ್ಲಿ ನೀರಿನ ಕ್ಲೋರಿನ್ನನ್ನೋ, ಎರಡು ನೀರುಗಳ ನಡುವಣ ಉಷ್ಣತೆ ಮತ್ತು ಕ್ಷಾರಗುಣದ ಅಂತರವನ್ನೋ ಶಂಕಿಸಬೇಕು. ಕ್ಲೋರಿನ್ ಕಿವಿರನ್ನು ಸುಡುತ್ತದೆ. ನೀರನ್ನು ಒಂದು ದಿನ ತೆರೆದಿಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ, ಕ್ಲೋರಮಿನ್ ಬೆರೆಸಿದ ನೀರಿನಲ್ಲಿ ಹಾಗಾಗದು. ಮೂರು ನಾಲ್ಕು ದಿನಗಳು ಕಳೆದ ಮೇಲೆ, ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುತ್ತ ಒಂದೊಂದಾಗಿ ಸತ್ತರೆ ಅಮೋನಿಯವೇ ಕಾರಣವಿರಬೇಕು. ಎರಡು ಮೂರು ವಾರಗಳ ತರುವಾಯವಾದರೆ ನೈಟ್ರೈಟನ್ನು ಪರೀಕ್ಷಿಸಬೇಕು. ಇವನ್ನು ಅಳೆಯುವ ದ್ರಾವಣಗಳು ಮೀನಿನ ಅಂಗಡಿಗಳಲ್ಲಿಯೇ ಸಿಗುತ್ತವೆ. ಮೀನುಗಳು ಏದುತ್ತಿದ್ದವೇ ಎಂದು ಕೇಳಿದಾಗ ಅವರು ಹೌದೆಂದರು. ಆಟವಾಡುತ್ತಿವೆಯೆಂದು ಮಕ್ಕಳು ನಕ್ಕಿದ್ದರಂತೆ.

ಇಷ್ಟೆಲ್ಲ ರಸಾಯನಶಾಸ್ತ್ರವನ್ನು ಒಬ್ಬ ಗೃಹಸ್ಥನು ಅರಿತಿರಬೇಕೇ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಇದರ ತಿರುಳು ನಮ್ಮ ಮನೆಗಳಿಗೆ ಹೊಸದಲ್ಲ. ಜಲಗಾಲನ ವಿಧಿಯನ್ನು ನೆನೆಯಿರಿ. ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಿದರೆ ಮಾತ್ರ ಕೆಲಸ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ಸೇದಿದ್ದೋ ಅದೇ ಬಾವಿಗೆ, ಮೇಲಿನಿಂದ ಸುರಿಯದೆ, ಪಾತ್ರೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಬಿಡಬೇಕಾಗಿತ್ತು. ಪಕ್ಕದ ಬಾವಿಗೆ ಹಾಕಿದರೆ ಏಕೆ ಆಗದು? ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕಲಾರದೆಂಬ ಕಾರಣಕ್ಕೆ. ಅಮೋನಿಯದ ಹೆಸರನ್ನೇ ಕೇಳದ ಅಜ್ಜಿಯರು ಇದನ್ನು ದಿನವೂ ಪಾಲಿಸುತ್ತಿದ್ದರು. ಮನೆಗೆ ನಲ್ಲಿ ಬಂದ ಮೇಲೆ ಸೋಸುವ ಬಟ್ಟೆ ಉಳಿಯಿತು, ಮರಳಿ ಬಿಡುವ ವಿಧಿ ಮರೆಯಾಯಿತು.

ಮತ್ತೊಂದು ಸಮರ್ಥನೆಯನ್ನು ವಿದ್ಯಾವಂತರ ಬಾಯಿಂದಲೇ ಕೇಳಿದ್ದೇನೆ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲಡಿಗೆ ಹುಳುವೊಂದು ಸಿಕ್ಕಿ ಸತ್ತರೆ ಅವರಿಗೆ ಹಿಂಸೆಯ ಬಂಧವಿಲ್ಲವೆಂದು ಶಾಸ್ತ್ರ ಹೇಳುತ್ತದಷ್ಟೆ. ಹಾಗಿದ್ದ ಮೇಲೆ ಮೀನು ಸಾಕಿದವನಿಗೇಕೆ? ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಆ ಮುನಿಯು ಹಗಲಿನಲ್ಲಿ, ಜನ ತುಳಿದ ದಾರಿಯಲ್ಲಿ, ನಾಲ್ಕು ಮೊಳ ಮುಂದೆ ನೋಡುತ್ತ ನಡೆದವರು. ಆ ನೋಟಕ್ಕಾಗಿಯೇ ಅವರಿಗೆ ವಿನಾಯಿತಿ. ಯತ್ನಾಚಾರವಿಲ್ಲದವನಿಗೆ, ಜೀವ ಸಾಯಲಿ ಬದುಕಲಿ, ಹಿಂಸೆ ನಿಶ್ಚಿತವೆಂಬುದು ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ನಿಲುವು. ತೊಟ್ಟಿಯ ವಿಷಯದಲ್ಲಿ ನಾಲ್ಕು ಮೊಳದ ನೋಟವೆಂದರೆ ಯಾವುದು? ನೀರು ತಿಳಿಯಾಗಿದೆಯೇ ಎಂದು ಗಾಜಿನೊಳಗೆ ಇಣುಕುವುದಲ್ಲ. ಈ ಜೀವಕ್ಕೆ ಈ ನೀರು ಒಗ್ಗುವುದೇ ಎಂದು ಬಲ್ಲವರನ್ನು ಮೊದಲೇ ಕೇಳುವುದು.

ಅಜ್ಞಾನಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಸ್ರವದಲ್ಲಿ ವ್ಯತ್ಯಾಸವನ್ನುಂಟುಮಾಡುವ ಕಾರಣಗಳನ್ನು ಎಣಿಸುವಾಗ ‘ತತ್ತ್ವಾರ್ಥಸೂತ್ರ’ವು ತೀವ್ರ ಮಂದ ಭಾವಗಳೊಡನೆ ಜ್ಞಾತ ಅಜ್ಞಾತ ಭಾವಗಳನ್ನೂ ಹೇಳಿದೆ. ತಿಳಿದು ಮಾಡಿದ್ದಕ್ಕೂ ತಿಳಿಯದೆ ಆದದ್ದಕ್ಕೂ ಅಂತರವಿದೆ. ಆದರೆ ಅಜ್ಞಾತವಾದುದು ಶೂನ್ಯವೆಂದು ಅಲ್ಲಿ ಹೇಳಿಲ್ಲ. ಇದನ್ನು ಈ ಪ್ರಸಂಗಕ್ಕೆ ಅನ್ವಯಿಸಿದರೆ, ನಾಲ್ಕನೆಯ ದಿನದ ಸಾವನ್ನೂ ಎರಡನೆಯ ವಾರದ ಸಾವುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯ ಮೀನು ಸತ್ತಾಗ ಅವರಿಗೆ ತಿಳಿದಿರಲಿಲ್ಲ, ನಿಜ. ಆದರೆ ಆ ಸಾವೇ ಒಂದು ಸೂಚನೆಯಾಗಿತ್ತು. ಸೂಚನೆ ಬಂದ ಮೇಲೂ ವಿಚಾರಿಸದೆ ಅದೇ ನೀರಿಗೆ ಇನ್ನೂ ನಾಲ್ಕು ಜೀವಗಳನ್ನು ತಂದು ಬಿಟ್ಟದ್ದನ್ನು ಅಜ್ಞಾನವೆಂದು ಕರೆಯಲು ನನಗೆ ಮನಸ್ಸು ಬಾರದು. ಅದು ಪ್ರಮಾದ.

ಇನ್ನು ಉಪವಾಸದ ಮಾತು. ಸೂತ್ರಕಾರರು ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಆಲೋಚನೆ, ಪ್ರತಿಕ್ರಮಣ, ಅವೆರಡೂ ಕೂಡಿದ ತದುಭಯ, ವಿವೇಕ, ವ್ಯುತ್ಸರ್ಗ ಇವಾದ ಮೇಲೆ ಆರನೆಯದಾಗಿ ತಪವನ್ನು ಇಟ್ಟಿದ್ದಾರೆ. ಅದು ಮುಖ್ಯವಾಗಿ ಮುನಿಗಳಿಗೆ ಹೇಳಿದ್ದಾದರೂ ಆ ಕ್ರಮ ಶ್ರಾವಕನಿಗೂ ದಾರಿ ತೋರಿಸುತ್ತದೆ. ಆಲೋಚನೆಯೆಂದರೆ ಆದದ್ದನ್ನು ಆದಂತೆಯೇ, ಮುಚ್ಚುಮರೆಯಿಲ್ಲದೆ ಗುರುವಿನ ಮುಂದೆ ನಿವೇದಿಸುವುದು. ಏನಾಯಿತೆಂದೇ ಅರಿಯದವನು ಏನನ್ನು ನಿವೇದಿಸಿಯಾನು? ಅವರು ಒಂದು ತೇಲಾ ಮಾಡಿದ್ದರೂ ಆ ಮೂರು ದಿನಗಳಲ್ಲಿ ಅಮೋನಿಯ ಏರುತ್ತಲೇ ಇರುತ್ತಿತ್ತು. ಪಾರಣೆಯ ಹೊತ್ತಿಗೆ ಉಳಿದ ಮೂರೂ ಹೋಗಿರುತ್ತಿದ್ದವು. ಆ ದಿನ ಉಪವಾಸಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆಯಿತ್ತು: ನೀರಿನ ಕಾಲುಭಾಗವನ್ನು ತೆಗೆದು, ಕ್ಲೋರಿನ್ ನೀಗಿಸಿದ, ಅದೇ ಉಷ್ಣತೆಯ ನೀರನ್ನು ಮೆಲ್ಲಗೆ ಸೇರಿಸುವುದು, ಗಾಳಿಯ ಪಂಪನ್ನು ಬಿಡದೆ ನಡೆಸುವುದು, ಬಲ್ಲವರ ಹಳೆಯ ತೊಟ್ಟಿಯಿಂದ ಹಿಡಿ ಜಲ್ಲಿಯನ್ನು ಒದ್ದೆಯಾಗಿಯೇ ತಂದು ಹಾಕುವುದು, ಆಹಾರವನ್ನು ಕಡಿಮೆ ಮಾಡುವುದು.

ಈ ಕಡೆಯ ಮಾತು ಕೆಲವರಿಗೆ ಕಸಿವಿಸಿಯಾದೀತು. ಅನ್ನಪಾನ ನಿರೋಧವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದಲ್ಲವೇ? ಹೌದು. ಆದರೆ ಆರೋಗ್ಯವಂತ ಮೀನು ಒಂದೆರಡು ದಿನ ಆಹಾರವಿಲ್ಲದೆ ತೊಂದರೆಯಿಲ್ಲದೆ ಇರಬಲ್ಲದು. ಅಮೋನಿಯ ಏರಿರುವಾಗ ಅಕ್ಕರೆಯಿಂದ ಚೆಲ್ಲಿದ ಕಾಳು ವಿಷವನ್ನೇ ಹೆಚ್ಚಿಸುತ್ತದೆ. ಜ್ವರದ ಮಗುವಿಗೆ ಹೋಳಿಗೆ ಕೊಡದ ತಾಯಿಯನ್ನು ಯಾರೂ ಅತಿಚಾರಿಯೆನ್ನುವುದಿಲ್ಲ.

ಅತಿಚಾರಗಳಲ್ಲಿ ಮೊದಲನೆಯದು ಬಂಧ. ಪ್ರಾಣಿಯು ಇಚ್ಛಿಸಿದ ಕಡೆಗೆ ಹೋಗದಂತೆ ತಡೆಯುವುದೆಂದೇ ವ್ಯಾಖ್ಯಾನಕಾರರು ಅದನ್ನು ವಿವರಿಸಿದ್ದಾರೆ. ತೊಟ್ಟಿ ಎಷ್ಟೇ ದೊಡ್ಡದಾಗಲಿ ಈ ವಿವರಣೆಯಿಂದ ಪಾರಾಗದು. ಆದ್ದರಿಂದ ವ್ರತಸ್ಥರ ಮನೆಗೆ ಅಲಂಕಾರದ ಮೀನು ಬರಲೇಬಾರದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಅವುಗಳ ಆಹಾರವೆಂದು ಅಂಗಡಿಯಲ್ಲಿ ಜೀವಂತ ಟ್ಯೂಬಿಫೆಕ್ಸ್ ಹುಳುಗಳನ್ನು ಮಾರುತ್ತಾರೆ. ಒಣ ಕಾಳುಗಳಲ್ಲಿಯೂ ಬಹಳಷ್ಟಕ್ಕೆ ಮೀನಿನ ಪುಡಿ ಸೇರಿರುತ್ತದೆ. ಒಂದು ತ್ರಸಜೀವವನ್ನು ಸಾಕಲು ಇನ್ನೊಂದನ್ನು ಕೈಯಾರೆ ಕೊಡುವ ಪ್ರಸಂಗವಿದು. ಆದರೆ ಈಗಾಗಲೇ ಮನೆಯಲ್ಲಿರುವ ಮೀನುಗಳನ್ನು ಬಿಡುಗಡೆಯೆಂಬ ಹೆಸರಿನಲ್ಲಿ ಕೆರೆಗೆ ಸುರಿಯುವುದು ದಯೆಯಲ್ಲ. ತೊಟ್ಟಿಯಲ್ಲಿ ಬೆಳೆದದ್ದು ಅಲ್ಲಿ ಸಾಯಬಹುದು. ಸಾಯದಿದ್ದರೆ ಕೆರೆಯ ಜೀವಗಳಿಗೇ ಕಂಟಕವಾಗಬಹುದು. ತೊಟ್ಟಿಯ ಗಾಜು ಶುಚಿ ಮಾಡಲೆಂದು ಮಾರುವ ಸಕ್ಕರ್ ಮೀನು ಹೀಗೆಯೇ ದಕ್ಷಿಣ ಭಾರತದ ಕೆರೆ ನದಿಗಳನ್ನು ಸೇರಿ ಅಲ್ಲಿಯ ಮೂಲ ಮೀನುಗಳನ್ನು ಒತ್ತುತ್ತಿದೆ.

ಹೊಸದಾಗಿ ಕೊಳ್ಳದೆ, ಇರುವವುಗಳನ್ನು ಆಯುಷ್ಯ ಇರುವ ತನಕ ಕಾಪಾಡುವುದೊಂದೇ ಆ ಶ್ರಾವಕರಿಗೆ ಉಳಿದ ದಾರಿ. ಸಸ್ಯಮೂಲದ ಆಹಾರವನ್ನು ಹುಡುಕಿ ತರಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಒಗ್ಗುವ ನೀರಿನಲ್ಲಿ ಹೊನ್ನ ಮೀನು ಹತ್ತು ವರ್ಷ ಮೀರಿಯೂ ಬದುಕುತ್ತದೆ. ಅಷ್ಟು ವರ್ಷ ವಾರಕ್ಕೊಮ್ಮೆ ನೀರು ಬದಲಾಯಿಸುವ ನಿಯಮವನ್ನು ಹಿಡಿಯುವಿರಾ ಎಂದು ಕೇಳಿದೆ. ಉಪವಾಸಕ್ಕೆ ತಟ್ಟನೆ ಒಪ್ಪಿಕೊಳ್ಳುತ್ತಿದ್ದವರು ಇದಕ್ಕೆ ಮರುದಿನ ತಿಳಿಸುತ್ತೇನೆಂದರು.