ತೊಟ್ಟಿಲ ಹಗ್ಗದ ಇನ್ನೊಂದು ತುದಿ

ಮಗಳು ಬಾಣಂತನಕ್ಕೆಂದು ತವರಿಗೆ ಬಂದಳು. ಅವಳು ಬರುವುದಕ್ಕೆ ಎರಡು ದಿನ ಮೊದಲೇ ಅವಳ ಸಾಮಾನು ಬರತೊಡಗಿತು. ಬೆಳಿಗ್ಗೆ ಒಂದು ರಟ್ಟಿನ ಪೆಟ್ಟಿಗೆ, ಮಧ್ಯಾಹ್ನ ಎರಡು, ದೀಪ ಹಚ್ಚುವ ಹೊತ್ತಿಗೆ ಮತ್ತೊಂದು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ವಿದ್ಯುತ್ತಿನಿಂದ ತಾನೇ ತೂಗಿಕೊಳ್ಳುವ ತೊಟ್ಟಿಲು. ಕಾರಿನಲ್ಲಿ ಬಿಗಿಯುವ ಪುಟ್ಟ ಆಸನ. ಮಡಿಸಿದರೆ ಕೊಡೆಯಂತಾಗುವ ತಳ್ಳುಗಾಡಿ. ಮಗು ಮಲಗಿದ ಕೋಣೆಯ ಸದ್ದನ್ನೂ ಚಿತ್ರವನ್ನೂ ಇನ್ನೊಂದು ಕೋಣೆಗೆ ಒಯ್ಯುವ ಯಂತ್ರ. ಡೈಪರುಗಳ ಒಂದು ದೊಡ್ಡ ಮೂಟೆ. ಬರಲಿರುವುದು ಮೂರು ಕಿಲೋ ತೂಗುವ ಒಂದು ಜೀವ; ಅದರ ಸ್ವಾಗತಕ್ಕೆ ಬಂದ ಸಾಮಾನು ಹೊಸದಾಗಿ ಸಂಸಾರ ಹೂಡುವಷ್ಟಿತ್ತು.

ನನ್ನಂಥ ಮುದುಕನಿಗೆ ಇಂಥ ಸಂದರ್ಭದಲ್ಲಿ ಬಾಯಿ ಸುಮ್ಮನಿರುವುದಿಲ್ಲ. "ನಾವು ಆರು ಜನ ಮಕ್ಕಳು ಬೆಳೆದದ್ದು ಒಂದು ತೊಟ್ಟಿಲು, ಒಂದು ಒಳಲೆ, ಒಂದು ಗಿಲಕಿ, ಹಳೆಯ ಪಂಚೆಯ ನಾಲ್ಕು ತುಂಡು, ಇಷ್ಟರಲ್ಲಿ. ಇದೆಲ್ಲ ಯಾತಕ್ಕಮ್ಮ?" ಎಂದೆ. ಮಗಳು ನಕ್ಕು ಸುಮ್ಮನಾದಳು. ಒಳಗೆ ಬಾಣಂತಿ ಲೇಹ್ಯಕ್ಕೆ ಶುಂಠಿ ಕುಟ್ಟುತ್ತಿದ್ದ ನನ್ನ ಹೆಂಡತಿ ಸುಮ್ಮನಾಗಲಿಲ್ಲ.

"ಪಟ್ಟಿಯಲ್ಲಿ ಒಂದನ್ನು ಬಿಟ್ಟಿರಲ್ಲ" ಎಂದಳು.

"ಯಾವುದು?"

"ನಿಮ್ಮ ಸೋದರತ್ತೆ."

ಸೋದರತ್ತೆಯೆಂದರೆ ನನ್ನ ತಂದೆಯ ಅಕ್ಕ. ಹದಿನೈದು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿಗೆ ಹಿಂದಿರುಗಿದವಳು. ಆಮೇಲೆ ಆಕೆಯ ಪಾಲಿಗೆ ಉಳಿದದ್ದು ಅಡಿಗೆಮನೆ, ದೇವರಮನೆ ಮತ್ತು ಇತರರ ಮಕ್ಕಳು. ನಮ್ಮ ಮನೆಯ ನಡುತೊಲೆಗೆ ತೊಟ್ಟಿಲು ಕಟ್ಟಿತ್ತು. ತೊಟ್ಟಿಲಿಗೆ ಒಂದು ಉದ್ದನೆಯ ಹಗ್ಗ. ಆ ಹಗ್ಗದ ತುದಿಯನ್ನು ಅತ್ತೆ ತನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕಾಲು ನೀಡಿ ಕುಳಿತು, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಇಲ್ಲವೆ ಹೂಬತ್ತಿ ಹೊಸೆಯುತ್ತಿದ್ದಳು. ಕೈಗೊಂದು ಕೆಲಸ, ಕಾಲಿಗೊಂದು ಕೆಲಸ, ಬಾಯಿಗೆ ಜೋಗುಳ. ನಾವು ಆರು ಜನ ಆ ಕಾಲಿನಲ್ಲಿ ನಿದ್ದೆ ಹೋದೆವು. ನನ್ನ ಮಗಳು ಹುಟ್ಟುವ ವೇಳೆಗೆ ಆಕೆಗೆ ಎಪ್ಪತ್ತು ದಾಟಿತ್ತು. ಅವಳನ್ನು ತೂಗಿದ್ದೂ ಅದೇ ಕಾಲು.

ಈ ಚಿತ್ರವನ್ನು ನಾನು ಎಷ್ಟೋ ಜನರ ಮುಂದೆ ಸಂತೋಷದಿಂದ ವರ್ಣಿಸಿದ್ದೇನೆ. ಹಳೆಯ ಕಾಲದ ಮನೆಯೆಂದರೆ ಹೀಗಿತ್ತು ಎಂದು ಹೆಮ್ಮೆಪಟ್ಟಿದ್ದೇನೆ. ಆ ಹಗ್ಗದ ಒಂದು ತುದಿಗೆ ತೊಟ್ಟಿಲನ್ನು ಕಟ್ಟಿದ್ದಂತೆ ಇನ್ನೊಂದು ತುದಿಗೆ ಒಬ್ಬ ಹೆಂಗಸನ್ನು ಕಟ್ಟಿಹಾಕಿತ್ತು ಎಂಬುದು ನನಗೆ ಹೊಳೆದದ್ದು ಆ ದಿನ, ಹೆಂಡತಿಯ ಮಾತಿನಿಂದ. ಉಪಕರಣಗಳಿಲ್ಲದೆ ಬೆಳೆದೆವೆಂದು ನಾನು ಕೊಚ್ಚಿಕೊಂಡೆನಲ್ಲ, ಅದು ಸುಳ್ಳು. ನಮಗೂ ಉಪಕರಣವಿತ್ತು. ಅದಕ್ಕೆ ಎರಡು ಹೊತ್ತು ಊಟ ಹಾಕಿದ್ದರೆ ಸಾಕಾಗಿತ್ತು. ರಾತ್ರಿಯ ಊಟವನ್ನು ಆಕೆ ಫಲಾಹಾರಕ್ಕೆ ಇಳಿಸಿ ಅದನ್ನೂ ಉಳಿಸಿಕೊಟ್ಟಿದ್ದಳು.

ಅಂದಿನಿಂದ ಈ ಸಾಮಾನುಗಳನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಉಪಕರಣ, ಉಪಕಾರ, ಎರಡೂ ಒಂದೇ ಧಾತುವಿನಿಂದ ಬಂದ ಮಾತುಗಳು. ಹತ್ತಿರವಿದ್ದು ನೆರವಾಗುವುದು ಉಪಕರಣ. ಸರಿ, ಆದರೆ ಯಾರಿಗೆ ಉಪಕಾರ? ಮಗುವಿಗೆ, ತಾಯಿಗೆ, ಮಾರುವವನಿಗೆ, ಇಲ್ಲವೆ ನಮ್ಮ ಅಂಜಿಕೆಗೆ? ಪ್ರತಿಯೊಂದು ಪೆಟ್ಟಿಗೆಯನ್ನು ಬಿಚ್ಚಿದಾಗಲೂ ಈ ಪ್ರಶ್ನೆ ಕೇಳಿಕೊಳ್ಳಬಹುದು. ಉತ್ತರ ಎಲ್ಲಕ್ಕೂ ಒಂದೇ ಬರುವುದಿಲ್ಲ.

ಮೊದಲು ಕಾರಿನ ಆಸನವನ್ನು ತೆಗೆದುಕೊಳ್ಳೋಣ. "ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಯಾವುದಿದೆ?" ಎಂದು ನಾನು ವಾದಿಸಿದ್ದೆ. ಅಳಿಯ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಹತ್ತು ಕಿಲೋ ತೂಗುವ ಮಗುವನ್ನು ಹಿಡಿದು ನಿಲ್ಲಿಸಲು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿನಲ್ಲಿ ಅದಿದೆ? ಪ್ರೀತಿ ಎಷ್ಟಿದ್ದರೂ ತೋಳಿನ ಬಲ ಹೆಚ್ಚುವುದಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಕೂರಿಸಿಕೊಂಡು ಹೋಗುವಾಗ ಸುರಕ್ಷೆಯ ಪಟ್ಟಿ ಕಟ್ಟಬೇಕು, 40 ಕಿಲೋಮೀಟರಿನ ವೇಗ ಮೀರಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ ನಿಯಮದ ಹಿಂದೆಯೂ ಇದೇ ಲೆಕ್ಕವಿದೆ. ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವ ತಂದೆಗೆ ಪ್ರೀತಿ ಕಡಿಮೆಯೆಂದು ಯಾರೂ ಹೇಳರು. ಆದರೆ ಕೈಯಿಂದ ಆಗದ ಕೆಲಸಕ್ಕೆ ಕೈಯನ್ನೇ ನಂಬುವುದು ಪ್ರೀತಿಯ ಅಹಂಕಾರ. ಇಲ್ಲಿ ನಾನು ಸೋತೆ, ಸೋತದ್ದು ಒಳ್ಳೆಯದಾಯಿತು.

ಇದಕ್ಕೆ ವಿರುದ್ಧವಾದದ್ದು ವಾಕರ್. ನಡುವೆ ಮಗುವನ್ನು ಕೂರಿಸಿ ಬಿಟ್ಟರೆ ಚಕ್ರಗಳ ಮೇಲೆ ಮನೆಯೆಲ್ಲ ಓಡಾಡುವ ಆ ಗಾಲಿಯ ಕುರ್ಚಿಯನ್ನು ಓದುಗರು ನೋಡಿರಬಹುದು. ಹೆಸರು ನಡೆಸುವುದೆಂದು, ಮಾಡುವುದು ಬೇರೆ. ಅದರಲ್ಲಿ ಕುಳಿತ ಮಕ್ಕಳು ಬೇಗ ನಡೆಯುವುದಿಲ್ಲ, ತಡವಾಗಲೂಬಹುದು. ಮೆಟ್ಟಿಲ ಬಳಿ ಅದರ ಸಮೇತ ಉರುಳಿ ತಲೆಗೆ ಪೆಟ್ಟು ಮಾಡಿಕೊಂಡ ಮಕ್ಕಳು ಬಹಳ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಹಳೆಯ ಮೂರು ಚಕ್ರದ ಮರದ ಗಾಡಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದು ಮಗುವನ್ನು ಹೊತ್ತುಕೊಳ್ಳುವುದಿಲ್ಲ. ಮಗು ತಾನೇ ಎದ್ದು ನಿಂತು, ಹಿಡಿದು, ತಳ್ಳಬೇಕು. ತಪ್ಪಿದರೆ ಕೂತುಬಿಡಬೇಕು, ಮತ್ತೆ ಏಳಬೇಕು. ಏಳುವ ಬೀಳುವ ಕೆಲಸವನ್ನು ಆ ಗಾಡಿ ಮಗುವಿಗೇ ಬಿಡುತ್ತದೆ. ವಾಕರ್ ಮಗುವಿನ ಕೆಲಸವನ್ನು ತಾನು ಕಿತ್ತುಕೊಳ್ಳುತ್ತದೆ. ಎರಡಕ್ಕೂ ಚಕ್ರವಿದೆಯೆಂದ ಮಾತ್ರಕ್ಕೆ ಎರಡೂ ಒಂದೇ ಜಾತಿಯವಲ್ಲ.

ಇನ್ನು ಕೆಲವು ಸಾಮಾನುಗಳು ಹುಟ್ಟಿದ್ದು ಭಯದ ಹೊಟ್ಟೆಯಲ್ಲಿ. 1932ರಲ್ಲಿ ಅಮೆರಿಕದ ಪ್ರಸಿದ್ಧ ವಿಮಾನಿ ಲಿಂಡ್‌ಬರ್ಗನ ಎಳೆಯ ಮಗನನ್ನು ತೊಟ್ಟಿಲಿನಿಂದಲೇ ಅಪಹರಿಸಿ ಕೊಂದರು. ಆ ದೇಶದ ತಂದೆತಾಯಿಗಳ ನಿದ್ದೆ ಹಾರಿಹೋಯಿತು. ಐದು ವರ್ಷಗಳ ಬಳಿಕ ಒಂದು ರೇಡಿಯೋ ಕಂಪೆನಿ 'ರೇಡಿಯೋ ನರ್ಸ್' ಎಂಬ ಯಂತ್ರವನ್ನು ಹೊರತಂದಿತು. ಮಗುವಿನ ಕೋಣೆಯ ಸದ್ದು ದೊಡ್ಡವರ ಕೋಣೆಯಲ್ಲಿ ಕೇಳುವುದು. ಅದರ ಆಕಾರವನ್ನು ರೂಪಿಸಿದವನು ಇಸಾಮು ನೊಗುಚಿಯೆಂಬ ಶಿಲ್ಪಿ. ಇಂದು ನಮ್ಮ ನಡುಮನೆಗೆ ಬಂದಿರುವುದು ಅದರದೇ ಮರಿಮಗಳು. ಭಯ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಭಯಪಡದ ತಾಯಿಯ ಮಗು ಬಹಳ ಕಾಲ ಬದುಕಲಾರದು. ಆದರೆ ಭಯವನ್ನು ಮಾರಾಟಕ್ಕಿಟ್ಟರೆ ಅದಕ್ಕೆ ಮೇರೆಯಿರುವುದಿಲ್ಲ. ಕೊಳ್ಳದವಳು ತಾಯಿಯೇ ಅಲ್ಲವೆಂಬ ಭಾವನೆ ಹುಟ್ಟಿಸುವುದು ಬಹಳ ಸುಲಭ. ಹಾಲಿನ ಸೀಸೆಯ ವಿಷಯದಲ್ಲಿ ನಮ್ಮ ಪಾರ್ಲಿಮೆಂಟು ಇದನ್ನು ಅರಿತೇ 1992ರಲ್ಲಿ ಕಾನೂನು ಮಾಡಿ, ಸೀಸೆಗೂ ಶಿಶುಗಳ ಹಾಲಿನ ಪುಡಿಗೂ ಜಾಹೀರಾತು ಕೊಡಬಾರದೆಂದಿತು. ಸೀಸೆ ಮಾರುವುದಕ್ಕೆ ತಡೆಯಿಲ್ಲ. ತಾಯಿಯ ಅಳುಕನ್ನು ಬಂಡವಾಳ ಮಾಡಿಕೊಳ್ಳುವುದಕ್ಕೆ ಮಾತ್ರ ತಡೆ.

ಹೀಗೆಂದು ಹೊಸ ಸಾಮಾನನ್ನೆಲ್ಲ ಕಂಡು ಹುಬ್ಬು ಗಂಟಿಕ್ಕುವುದೂ ನ್ಯಾಯವಲ್ಲ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನ ಕಥೆ ಇದಕ್ಕೆ ನಿದರ್ಶನ. 1944ರಲ್ಲಿ ಅವನಿಗೆ ಎರಡನೆಯ ಮಗಳು ಹುಟ್ಟಿದಳು. ಹೆಂಡತಿಯ ಶ್ರಮ ಕಡಿಮೆಯಾಗಲೆಂದು ಅವನು ಮುಂಭಾಗದಲ್ಲಿ ಗಾಜಿದ್ದ, ಒಳಗೆ ಹದವಾದ ಕಾವಿದ್ದ ಒಂದು ದೊಡ್ಡ ಗೂಡಿನಂಥ ತೊಟ್ಟಿಲನ್ನು ಮಾಡಿದ. ಮಗುವಿಗೆ ಹೊದಿಕೆ ಬೇಡ, ಬಟ್ಟೆಯ ಸುತ್ತು ಬೇಡ. ಕೈಕಾಲು ಆಡಿಸಿಕೊಂಡು ಇರಬಹುದು. ಒಗೆಯುವ ಬಟ್ಟೆಯೂ ಕಡಿಮೆ. 1945ರಲ್ಲಿ ಅದರ ಬಗ್ಗೆ ಅವನು ಬರೆದ ಲೇಖನವನ್ನು ಪತ್ರಿಕೆಯೊಂದು 'ಪೆಟ್ಟಿಗೆಯಲ್ಲಿ ಮಗು' ಎಂಬ ಅರ್ಥದ ಶಿರೋನಾಮೆ ಹಾಕಿ ಅಚ್ಚುಮಾಡಿತು. ಜನರಿಗೆ ಅಷ್ಟೇ ಸಾಕಾಯಿತು. ಇಲಿ ಪಾರಿವಾಳಗಳಂತೆ ಮಗಳನ್ನೂ ಪ್ರಯೋಗದ ಪೆಟ್ಟಿಗೆಯಲ್ಲಿಟ್ಟನೆಂದರು, ಅವಳು ಹುಚ್ಚಿಯಾದಳೆಂದರು, ಸತ್ತಳೆಂದೂ ಹೇಳಿದರು. ಆಕೆ ಕಲಾವಿದೆಯಾಗಿ ಬೆಳೆದು, 2004ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ, ಅದೆಲ್ಲ ಸುಳ್ಳೆಂದೂ ತನಗೆ ಸಿಕ್ಕ ಅಕ್ಕರೆಯಲ್ಲಿ ಕೊರತೆಯಿರಲಿಲ್ಲವೆಂದೂ ತಾನೇ ಬರೆಯಬೇಕಾಯಿತು. ಜನ ತೊಟ್ಟಿಲಿನ ಆಕಾರವನ್ನು ಕಂಡು ತೀರ್ಪು ಕೊಟ್ಟರು. ತೊಟ್ಟಿಲಿನಿಂದ ಉಳಿದ ಹೊತ್ತನ್ನು ಆ ತಂದೆತಾಯಿ ಏನು ಮಾಡಿದರೆಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸಬೇಕಾದದ್ದು ಅದನ್ನೇ.

ಕೈಯಿಂದ ಮಾತ್ರ ಆಗುವ ಕೆಲಸವೂ ಇದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಸಾಕಷ್ಟು ಕಾವುಪೆಟ್ಟಿಗೆಗಳಿರಲಿಲ್ಲ. ಬೇರೆ ದಾರಿ ಕಾಣದೆ ಡಾಕ್ಟರ್ ಎಡ್ಗರ್ ರೇ, ಕೂಸನ್ನು ತಾಯಿಯ ಬರಿಯ ಎದೆಗೆ ಒತ್ತಿ ಕಟ್ಟುವ ಕ್ರಮವನ್ನು ತಂದರು. ಬಡತನದ ಉಪಾಯವೆಂದು ಜನ ಮರುಗಿದರು. ನಮ್ಮ ದೇಶವೂ ಸೇರಿ ಐದು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದ ಕೂಸುಗಳಲ್ಲಿ, ಸ್ಥಿತಿ ಸುಧಾರಿಸುವವರೆಗೆ ಯಂತ್ರದ ಕಾವಿನಲ್ಲಿಟ್ಟು ಆಮೇಲೆ ಎದೆಗೆ ಕೊಟ್ಟವುಗಳಲ್ಲಿ 28 ದಿನದೊಳಗೆ ತೀರಿಕೊಂಡವು ನೂರಕ್ಕೆ 15.7, ಹುಟ್ಟಿದೊಡನೆಯೇ ಎದೆಗೆ ಕಟ್ಟಿದವುಗಳಲ್ಲಿ ನೂರಕ್ಕೆ 12. ಉಪಕರಣವಿಲ್ಲದ ಕಡೆ ಹುಟ್ಟಿದ ಉಪಾಯ ಉಪಕರಣವನ್ನೇ ಮೀರಿಸಿತು. ಇನ್ನೊಂದು ಮಾತನ್ನೂ ಗಮನಿಸಬೇಕು. ಎದೆಯ ಕಾವಿಗೆ ತಾಯಿಯೇ ಆಗಬೇಕೆಂದಿಲ್ಲ. ತಂದೆಯ ಎದೆಯೂ ನಡೆಯುತ್ತದೆ, ಅಜ್ಜಿಯ ಎದೆಯೂ ನಡೆಯುತ್ತದೆ.

ತಂದೆಯ ಎದೆಯೂ ನಡೆಯುತ್ತದೆ ಎಂದು ಬರೆದೆನಲ್ಲ, ಇದನ್ನು ಬರೆಯುವ ಅಧಿಕಾರ ನನಗಿಲ್ಲ. ನನ್ನ ಮಗಳು ಹುಟ್ಟಿದಾಗ ನಾನು ಒಂದು ಒದ್ದೆ ಬಟ್ಟೆಯನ್ನೂ ಬದಲಾಯಿಸಲಿಲ್ಲ. ಎಳೆಗೂಸಿನ ಕೆಲಸ ಹೆಂಗಸರ ಕೈಗೆ ಮಾತ್ರ ಒಲಿದದ್ದು ಎಂಬುದು ನಮ್ಮ ಕಾಲದ ಗಂಡಸರೆಲ್ಲರ ನೆಪ. ಕಾಲು ನೀಡಿಕೊಂಡು ಕೂಸನ್ನು ಮಲಗಿಸಿ ಎರೆಯುವುದು, ಒಳಲೆಯಲ್ಲಿ ಉಸಿರು ಕಟ್ಟದಂತೆ ಹಾಲು ಹೊಯ್ಯುವುದು, ಇವು ನಿಜವಾಗಿ ಕಲಿಯಬೇಕಾದ ವಿದ್ಯೆಗಳು, ನಾವು ಕಲಿಯಲಿಲ್ಲ. ಮೊಮ್ಮಗ ಹುಟ್ಟಿ ಹದಿನೈದನೆಯ ದಿನ ರಾತ್ರಿ ಮೂರು ಗಂಟೆಗೆ ಎಲ್ಲರೂ ದಣಿದು ಮಲಗಿದ್ದಾಗ ಅವನು ಅತ್ತ. ನಾನು ಎದ್ದು ಹೋಗಿ, ಕನ್ನಡಕ ಹಾಕಿಕೊಂಡು, ಡೈಪರಿನ ಎರಡು ಅಂಟುಪಟ್ಟಿಗಳನ್ನು ಎಳೆದು ಅಂಟಿಸಿದೆ. ಸೊಟ್ಟಗಾಯಿತು, ಆದರೂ ನಿಂತಿತು. ಆ ಅಂಟು ನನ್ನ ನೆಪವನ್ನು ಕಿತ್ತುಹಾಕಿತು. ಎಪ್ಪತ್ತು ದಾಟಿದ ಕೈಗೂ ಸಾಧ್ಯವಾಗುವಷ್ಟು ಕೆಲಸವನ್ನು ಸುಲಭಮಾಡಿದ ವಸ್ತುವನ್ನು ನಾನು ಇನ್ನು ಹೇಗೆ ಹಳಿಯಲಿ?

ಬೆಳಗಾದ ಮೇಲೆ ಕಸ ಒಯ್ಯುವ ಪೌರಕಾರ್ಮಿಕ ಮಹಿಳೆ ಬಂದಳು. ಕೈಚೀಲವನ್ನು ಕೊಡುವಾಗ ನನಗೆ ನಾಚಿಕೆಯಾಯಿತು. 2016ರ ಘನತ್ಯಾಜ್ಯ ನಿಯಮಗಳು ಡೈಪರನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದು ವಿಧಿಸಿದ್ದವು. ನಾನು ರಾತ್ರಿಯದನ್ನು ಹಾಗೆಯೇ ಬುಟ್ಟಿಗೆ ಎಸೆದಿದ್ದೆ. ಅವಳು ಏನೂ ಹೇಳದೆ ಕೈಹಾಕಿ ಬೇರ್ಪಡಿಸಿದಳು. ನಮ್ಮ ಅತ್ತೆ ತೊಳೆಯುತ್ತಿದ್ದುದನ್ನು ಈಗ ಇವಳು ಎತ್ತುತ್ತಿದ್ದಾಳೆ. ಹಗ್ಗ ಉದ್ದವಾಯಿತು, ಮನೆಯ ಹೊಸಿಲು ದಾಟಿತು, ಬೀದಿಯ ಕೊನೆಗೆ ಹೋಯಿತು. ಇನ್ನೊಂದು ತುದಿ ಮತ್ತೊಬ್ಬ ಹೆಂಗಸಿನ ಕಾಲಿನಲ್ಲೇ ಇದೆ.

ಆದ್ದರಿಂದ ಹಳೆಯದೊ ಹೊಸದೊ ಎಂಬ ಚರ್ಚೆ ನನಗೆ ಈಗ ರುಚಿಸುವುದಿಲ್ಲ. ಒಂದು ಸಾಮಾನು ಮನೆಗೆ ಬಂದಾಗ ನಾನು ಕೇಳಿಕೊಳ್ಳುವುದು ಇಷ್ಟು: ಇದು ಹಗುರಮಾಡಿದ ಭಾರ ಎಲ್ಲಿಗೆ ಹೋಯಿತು? ಇಲ್ಲವಾಯಿತೆ, ಇಲ್ಲ ಇನ್ನೊಬ್ಬರ ತಲೆಗೆ ಏರಿತೆ? ಉಳಿದ ಹೊತ್ತು ಯಾರದಾಯಿತು? ಮನೆಯಲ್ಲಿ ಇದನ್ನು ಮಾತನಾಡಿ ಒಂದು ಏರ್ಪಾಡು ಮಾಡಿಕೊಂಡೆವು. ಹಗಲೆಲ್ಲ ಬಟ್ಟೆಯ ಲಂಗೋಟಿ, ರಾತ್ರಿಗೆ ಮಾತ್ರ ಡೈಪರು. ಬಟ್ಟೆಯನ್ನು ಯಂತ್ರ ಒಗೆಯುತ್ತದೆ. ಒಣಹಾಕಿ ಮಡಿಸುವುದು ನನ್ನ ಕೆಲಸ. ಡೈಪರನ್ನು ಸುತ್ತಿ ಗುರುತು ಮಾಡಿ ಕೊಡುವುದೂ ನನ್ನದೇ. ಇದರಿಂದ ಲೋಕದ ಅನ್ಯಾಯ ತೀರಿತೆಂದು ನಾನು ಹೇಳಲಾರೆ. ಒಂದು ಮನೆಯ ಹಗ್ಗ ಒಂದಿಷ್ಟು ಸಡಿಲವಾಗಿರಬಹುದು.

ನಿನ್ನೆ ಮಧ್ಯಾಹ್ನ ತೊಟ್ಟಿಲು ತಾನಾಗಿಯೇ ತೂಗುತ್ತಿತ್ತು. ಮಗು ಮಲಗಿತ್ತು, ಮಗಳು ಮಲಗಿದ್ದಳು, ಅವಳ ತಾಯಿಯೂ ಚಾಪೆಯ ಮೇಲೆ ತೋಳು ತಲೆಗಿಟ್ಟು ನಿದ್ದೆಹೋಗಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅತ್ತೆ ಒಂದು ದಿನವಾದರೂ ಮಧ್ಯಾಹ್ನ ಹೀಗೆ ಮಲಗಿದ್ದಳೆ ಎಂದು ನೆನೆಸಿಕೊಳ್ಳಲು ಯತ್ನಿಸಿದೆ. ನೆನಪಾಗಲಿಲ್ಲ. ತಂತಿಯ ಮೇಲಿನ ಬಟ್ಟೆ ಒಣಗಿತ್ತು. ತೆಗೆದು ಮಡಿಸಲು ಹೋದೆ.